ದಾಕ್ಷಿಣ್ಯಕ್ಕೆ ಸಿಕ್ಕವರು: ಮುಯ್ಯಿಯಿಂದ ವಾರದ ಕಂತಿನವರೆಗೆ

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಹೋಬಳಿ ಆಂಧ್ರದ ಗಡಿಗೆ ಅಂಟಿಕೊಂಡ ಬಯಲುಸೀಮೆ. ಜಯಮಂಗಲಿ ನದಿ ನೀರಿಗಿಂತ ಮರಳು ತೋರಿಸುವ ದಿನಗಳೇ ಹೆಚ್ಚು. ಕಡಲೆಕಾಯಿ, ರಾಗಿಗೆ ಹದ ಬಂತೆಂದರೆ ಎಲ್ಲರ ಹೊಲಕ್ಕೂ ಒಂದೇ ವಾರದಲ್ಲಿ ಆಳು ಬೇಕು. ಕೂಲಿ ಕೊಡಲು ಎಲ್ಲರ ಕೈಯಲ್ಲೂ ಕಾಸು ಇರುವುದಿಲ್ಲ. ಇಂಥ ಸೀಮೆಯ ರೈತರು ತಲೆಮಾರುಗಳ ಹಿಂದೆಯೇ ಕಂಡುಕೊಂಡ ಉಪಾಯ ‘ಮುಯ್ಯಾಳು’. ಇವತ್ತು ಈ ಮನೆಯ ಇಬ್ಬರು ಆ ಮನೆಯ ಹೊಲಕ್ಕೆ ಕಳೆ ಕೀಳಲು ಹೋದರೆ, ನಾಳಿದ್ದು ಆ ಮನೆಯ ಇಬ್ಬರು ಈ ಹೊಲಕ್ಕೆ ಬರಬೇಕು. ಕಾಗದವಿಲ್ಲ, ರುಜುವಿಲ್ಲ, ಬಡ್ಡಿಯೂ ಇಲ್ಲ. ಆದರೂ ಲೆಕ್ಕ ತಪ್ಪುತ್ತಿರಲಿಲ್ಲ.

ಮದುವೆ ಮನೆಯಲ್ಲೂ ಇದೇ ಲೆಕ್ಕ. ಹಳೇ ಮೈಸೂರು ಭಾಗದ ಹಳ್ಳಿಗಳಲ್ಲಿ ಧಾರೆ ಮುಗಿದ ಮೇಲೆ ಒಬ್ಬರು ಪುಸ್ತಕ ಹಿಡಿದು ಕೂರುತ್ತಿದ್ದರು. ಯಾರು ಎಷ್ಟು ಮುಯ್ಯಿ ಮಾಡಿದರೆಂದು ಗಟ್ಟಿಯಾಗಿ ಕೂಗಿ ಬರೆದುಕೊಳ್ಳುತ್ತಿದ್ದರು. ‘ಓದಿಸುವುದು’ ಎಂಬ ಮಾತು ಬಂದದ್ದು ಹೀಗೆ. ಆ ಪುಸ್ತಕ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತಿತ್ತು. ಹತ್ತು ವರ್ಷದ ನಂತರ ಮುಯ್ಯಿ ಮಾಡಿದವರ ಮನೆಯಲ್ಲಿ ಮದುವೆಯಾದಾಗ ಅದನ್ನು ಬಿಚ್ಚಿ ನೋಡಿ, ಅಷ್ಟೋ ಅದಕ್ಕಿಂತ ಒಂದು ರೂಪಾಯಿ ಹೆಚ್ಚೋ ಹಿಂದಿರುಗಿಸುವುದು ಮರ್ಯಾದೆ.

ಈ ಪದಕ್ಕೆ ಇನ್ನೊಂದು ಮುಖವೂ ಇದೆ. ಮುಯ್ಯಿ ಎಂದರೆ ಉಡುಗೊರೆ. ಮುಯ್ಯಿ ತೀರಿಸಿಕೊಳ್ಳುವುದೆಂದರೆ ಸೇಡು. ಉಪಕಾರಕ್ಕೂ ಅಪಕಾರಕ್ಕೂ ಕನ್ನಡ ಒಂದೇ ಪದ ಇಟ್ಟುಕೊಂಡಿರುವುದು ಕಾಕತಾಳೀಯವಲ್ಲ. ಎರಡರಲ್ಲೂ ಪಡೆದದ್ದನ್ನು ಹಿಂದಿರುಗಿಸದೆ ವಿಧಿಯಿಲ್ಲ ಎಂಬ ಭಾವನೆಯೇ ಕೆಲಸ ಮಾಡುತ್ತದೆ. ಫ್ರಾನ್ಸಿನ ವಿದ್ವಾಂಸ ಮಾರ್ಸೆಲ್ ಮಾಸ್ 1925ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಜಗತ್ತಿನ ಹಲವು ಸಮಾಜಗಳ ಉಡುಗೊರೆ ಪದ್ಧತಿಯನ್ನು ಪರಿಶೀಲಿಸಿ ಇದನ್ನೇ ಹೇಳಿದರು: ಉಡುಗೊರೆ ಹೆಸರಿಗೆ ಮಾತ್ರ ಪುಕ್ಕಟೆ, ಕೊಡುವುದು, ತೆಗೆದುಕೊಳ್ಳುವುದು, ಹಿಂದಿರುಗಿಸುವುದು ಮೂರೂ ಕಡ್ಡಾಯ.

ಹೀಗೆ ಕಡ್ಡಾಯವಾಗುವ ಮನಸ್ಸಿನ ಕಟ್ಟಿಗೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ದಾಕ್ಷಿಣ್ಯ, ಮುಲಾಜು, ಹಂಗು, ಋಣ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ತಾವಿಲ್ಲ ಎಂಬ ಗಾದೆ, ‘ಇಲ್ಲ’ ಎನ್ನಲಾಗದೆ ‘ಹೂಂ’ ಎಂದವರ ಕಷ್ಟವನ್ನು ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಕಳೆದ ಅರವತ್ತು ವರ್ಷಗಳಲ್ಲಿ ಮನೋವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದ್ದು ಕೂಡ ಬಹುಮಟ್ಟಿಗೆ ಇದನ್ನೇ.

ಒಂದು ತಂಪು ಪಾನೀಯದ ಋಣ

1971ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೆನ್ನಿಸ್ ರೀಗನ್ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಚಿತ್ರಗಳಿಗೆ ಅಂಕ ಹಾಕುವ ಕೆಲಸವೆಂದು ಹೇಳಿ ವಿದ್ಯಾರ್ಥಿಗಳನ್ನು ಕರೆಸಲಾಗಿತ್ತು. ಜೊತೆಯಲ್ಲಿ ಕೂತಿದ್ದ ಇನ್ನೊಬ್ಬ ‘ವಿದ್ಯಾರ್ಥಿ’ ಸಂಶೋಧಕರ ಕಡೆಯವನೇ. ಬಿಡುವಿನಲ್ಲಿ ಅವನು ಹೊರಗೆ ಹೋಗಿ ಎರಡು ಬಾಟಲಿ ಕೋಕಾಕೋಲಾ ತಂದು ಒಂದನ್ನು ಪಕ್ಕದವನಿಗೆ ಕೊಟ್ಟ. ಕೆಲವರಿಗೆ ಏನನ್ನೂ ಕೊಡಲಿಲ್ಲ. ಕೊನೆಗೆ ಎಲ್ಲರಿಗೂ ‘ಲಾಟರಿ ಚೀಟಿ ಮಾರುತ್ತಿದ್ದೇನೆ, ಕೊಂಡುಕೊಳ್ಳುತ್ತೀರಾ’ ಎಂದು ಕೇಳಿದ. ಬಾಟಲಿ ಪಡೆದವರು ಇತರರಿಗಿಂತ ಸುಮಾರು ಎರಡು ಪಟ್ಟು ಚೀಟಿ ಕೊಂಡಿದ್ದರು. ಅವನ ಬಗ್ಗೆ ಒಲವಿತ್ತೋ ಇಲ್ಲವೋ ಎಂಬುದು ಬಾಟಲಿ ಪಡೆದವರ ವಿಷಯದಲ್ಲಿ ಮುಖ್ಯವಾಗಲೇ ಇಲ್ಲ. ಅವರು ಆ ಪಾನೀಯವನ್ನು ಕೇಳಿಯೂ ಇರಲಿಲ್ಲ.

ಬೆರಳು ತೋರಿಸಿದರೆ ಹಸ್ತ ನುಂಗಿದ ಎಂಬ ಗಾದೆಗೂ ಪ್ರಯೋಗದ ಆಧಾರವಿದೆ. 1966ರಲ್ಲಿ ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಸರ್ ಕ್ಯಾಲಿಫೋರ್ನಿಯಾದ ಮನೆಗಳ ಮಾಲೀಕರಿಗೆ, ‘ಎಚ್ಚರಿಕೆಯಿಂದ ವಾಹನ ಓಡಿಸಿ’ ಎಂದು ಬರೆದ ದೊಡ್ಡ, ಅಂದಗೆಟ್ಟ ಫಲಕವನ್ನು ಅಂಗಳದಲ್ಲಿ ನೆಡಲು ಒಪ್ಪಿಗೆ ಕೇಳಿಸಿದರು. ಒಮ್ಮೆಗೇ ಕೇಳಿದಾಗ ಒಪ್ಪಿದವರು ಶೇ 17. ಇನ್ನೊಂದು ಗುಂಪಿಗೆ ಎರಡು ವಾರ ಮೊದಲು ಇಂಥದೇ ಮಾತು ಬರೆದ ಮೂರಂಗುಲದ ಪುಟ್ಟ ಚೀಟಿ ಅಂಟಿಸಲು ಕೇಳಲಾಗಿತ್ತು. ಆ ಗುಂಪಿನಲ್ಲಿ ದೊಡ್ಡ ಫಲಕಕ್ಕೂ ಒಪ್ಪಿದವರು ಶೇ 76! ಸಣ್ಣ ‘ಹೂಂ’ ಎಂದವರು ತಾವು ಇಂಥ ಕೆಲಸಕ್ಕೆ ಒಲಿಯುವವರೆಂದು ತಮ್ಮನ್ನೇ ನಂಬಿಸಿಕೊಂಡಿದ್ದರು. ಸಂಶೋಧಕರು ಇದಕ್ಕೆ ‘ಬಾಗಿಲ ಸಂದಿಗೆ ಕಾಲು’ ಎಂಬ ಅರ್ಥದ ಹೆಸರಿಟ್ಟರು. ಮನೆಮನೆ ತಿರುಗುವ ವ್ಯಾಪಾರಿ ಬಾಗಿಲು ಮುಚ್ಚದ ಹಾಗೆ ಸಂದಿಗೆ ಕಾಲು ಕೊಡುತ್ತಾನಲ್ಲ, ಹಾಗೆ.

ಇದಕ್ಕೆ ತಿರುಗುಮುರುಗಾದ ವಿದ್ಯೆಯೂ ಉಂಟು. ದನಗಳ ಪರಿಷೆಯಲ್ಲಿ ಎತ್ತಿನ ಜೋಡಿಗೆ ಮೊದಲು ಕೊಳ್ಳುವವನ ಎದೆ ಒಡೆಯುವಂಥ ಬೆಲೆ ಹೇಳಿ, ಆಮೇಲೆ ‘ನಿಮ್ಮ ಮುಖ ನೋಡಿ ಬಿಟ್ಟೆ’ ಎಂದು ಇಳಿಯುವ ದಳ್ಳಾಳಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. 1975ರಲ್ಲಿ ರಾಬರ್ಟ್ ಚಿಯಾಲ್ಡಿನಿ ಮತ್ತು ಸಂಗಡಿಗರು, ಬಾಲಾಪರಾಧಿಗಳನ್ನು ಒಂದು ದಿನ ಮೃಗಾಲಯಕ್ಕೆ ಕರೆದೊಯ್ಯುತ್ತೀರಾ ಎಂದು ವಿದ್ಯಾರ್ಥಿಗಳನ್ನು ಕೇಳಿದರು. ನೇರವಾಗಿ ಕೇಳಿದಾಗ ಒಪ್ಪಿದವರು ಸುಮಾರು ಶೇ 17. ‘ಎರಡು ವರ್ಷ, ವಾರಕ್ಕೆ ಎರಡು ಗಂಟೆ ಅವರಿಗೆ ಮಾರ್ಗದರ್ಶನ ಮಾಡುತ್ತೀರಾ’ ಎಂದು ಮೊದಲು ಕೇಳಿ, ಅವರು ಆಗದೆಂದ ಮೇಲೆ ಮೃಗಾಲಯದ ಮಾತೆತ್ತಿದಾಗ ಒಪ್ಪಿದವರು ಶೇ 50. ಕೇಳಿದವನು ಒಂದು ಮೆಟ್ಟಿಲು ಇಳಿದರೆ ಕೇಳಿಸಿಕೊಂಡವನೂ ಇಳಿಯಬೇಕಾಗುತ್ತದೆ. ಇಳಿದದ್ದೂ ಒಂದು ಮುಯ್ಯಿಯೇ.

ಚಿಯಾಲ್ಡಿನಿ 1984ರಲ್ಲಿ ಈ ವಿದ್ಯೆಗಳನ್ನೆಲ್ಲ ಕಲೆಹಾಕಿ ಪುಸ್ತಕ ಬರೆದರು. ಜನ ಮೋಸ ಹೋಗಬಾರದೆಂಬುದು ಅವರ ಉದ್ದೇಶವಾಗಿತ್ತು. ಅದನ್ನು ಶ್ರದ್ಧೆಯಿಂದ ಓದಿದವರಲ್ಲಿ ಮಾರಾಟ ವಿಭಾಗದವರೂ ಬಹಳ ಮಂದಿ.

ಬಾಗಿಲಲ್ಲಿ ಕೂತ ಸಾಲಗಾರ

ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಭಾರತದಲ್ಲಿ ಇದ್ದ ಹಳೆಯ ದಾರಿಗಳಲ್ಲೊಂದು ಧರಣಿ. ಇಂದು ಅದು ಕಚೇರಿಯ ಮುಂದೆ ಶಾಮಿಯಾನ ಹಾಕಿ ಕೂರುವ ರಾಜಕೀಯ ಪದ. ಮೊದಲು ಅದು ಸಾಲ ವಸೂಲಿಯ ಪದ. ಹಣ ಬರಬೇಕಾದವನು ಬಾಕಿದಾರನ ಬಾಗಿಲಲ್ಲಿ ಅನ್ನನೀರು ಬಿಟ್ಟು ಕೂರುತ್ತಿದ್ದ. ಅವನು ಉಪವಾಸ ಇರುವಷ್ಟು ಹೊತ್ತು ಒಳಗಿದ್ದವನೂ ಊಟ ಮಾಡುವಂತಿರಲಿಲ್ಲ. ಕೂತವನು ಬ್ರಾಹ್ಮಣನಾಗಿದ್ದು ಅಲ್ಲೇ ಸತ್ತರೆ ಬ್ರಹ್ಮಹತ್ಯೆಯ ಪಾಪ ಮನೆಯವರಿಗೆ. ಕೈ ಎತ್ತದೆ, ಬಯ್ಯದೆ, ಊರ ಕಣ್ಣು ಮತ್ತು ಪಾಪದ ಭಯ ಎರಡನ್ನೇ ಬಳಸಿ ‘ಕೊಡುತ್ತೇನೆ’ ಎನ್ನಿಸುವ ವಿದ್ಯೆ ಅದು.

ಕಂಪನಿ ಸರ್ಕಾರ 1795ರಲ್ಲೇ ಕಾಶಿ ಪ್ರಾಂತ್ಯದಲ್ಲಿ ಇದರ ವಿರುದ್ಧ ನಿಯಮ ಮಾಡಿತು. 1860ರ ಭಾರತೀಯ ದಂಡ ಸಂಹಿತೆಯ 508ನೇ ಕಲಮು, ದೈವದ ಕೋಪಕ್ಕೆ ಗುರಿಯಾಗುವೆ ಎಂದು ನಂಬಿಸಿ ಒಬ್ಬನಿಂದ ಕೆಲಸ ಮಾಡಿಸುವುದನ್ನು ಅಪರಾಧವೆಂದಿತು; ಒಂದು ವರ್ಷದವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಆ ಕಲಮಿಗೆ ಕೊಟ್ಟ ಮೊದಲ ಉದಾಹರಣೆಯೇ ಬಾಗಿಲಲ್ಲಿ ಧರಣಿ ಕೂರುವವನದು. ಹೊಡೆಯದೆ ಬಡಿಯದೆಯೂ ಬಲಾತ್ಕಾರ ನಡೆಯಬಹುದೆಂದು ಕಾನೂನು ಹೀಗೆ ಒಪ್ಪಿಕೊಂಡಿತ್ತು.

ಬಾಗಿಲಿಗೆ ಬಂದು ಕೇಳಿದವರೆಲ್ಲ ಸಾಲಗಾರರಲ್ಲ. ಆಚಾರ್ಯ ವಿನೋಬಾ ಭಾವೆ 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿದ್ದಾಗ, ಅಲ್ಲಿನ ದಲಿತ ಕುಟುಂಬಗಳು ಬದುಕಲು 80 ಎಕರೆ ನೆಲ ಬೇಕೆಂದವು. ವಿನೋಬಾ ಸಭೆಯನ್ನೇ ಕೇಳಿದರು. ರಾಮಚಂದ್ರ ರೆಡ್ಡಿ ಎದ್ದು ನಿಂತು 100 ಎಕರೆ ಕೊಡುತ್ತೇನೆಂದರು. ಭೂದಾನ ಹುಟ್ಟಿದ್ದು ಹೀಗೆ. ಆಮೇಲೆ ವಿನೋಬಾ ಊರೂರು ನಡೆದು, ‘ಐದು ಮಕ್ಕಳಿದ್ದರೆ ನನ್ನನ್ನು ಆರನೆಯವನೆಂದು ತಿಳಿದು ಪಾಲು ಕೊಡಿ’ ಎಂಬ ಧಾಟಿಯಲ್ಲಿ ಕೇಳಿದರು. ಮಗನೆಂದು ಬಂದವನನ್ನು ಬರಿಗೈಯಲ್ಲಿ ಕಳಿಸುವುದು ಯಾವ ಯಜಮಾನನಿಗೂ ಸುಲಭವಲ್ಲ; ಅದೂ ಊರೆಲ್ಲ ನೋಡುತ್ತಿರುವಾಗ. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಇಲವಾಲದಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ಪ್ರಧಾನಿ ನೆಹರೂ ಅವರ ಜೊತೆಗೆ ಬೇರೆ ಬೇರೆ ಪಕ್ಷಗಳ ನಾಯಕರೂ ಬಂದಿದ್ದರು.

ದೇಶದಲ್ಲಿ 40 ಲಕ್ಷ ಎಕರೆಗೂ ಹೆಚ್ಚು ಭೂಮಿಗೆ ದಾನದ ಮಾತು ಸಿಕ್ಕಿತು. ಚರಿತ್ರೆಯಲ್ಲಿ ಇಷ್ಟು ನೆಲವನ್ನು ಬರೀ ಕೇಳಿ ಪಡೆದ ಉದಾಹರಣೆ ಅಪರೂಪ. ಆದರೆ ಪಾದಯಾತ್ರೆ ಮುಂದಿನ ಊರಿಗೆ ಹೋದ ಮೇಲೆ ಬೇರೆ ಕಥೆ ಶುರುವಾಯಿತು. ಕೊಟ್ಟ ನೆಲದಲ್ಲಿ ಬಹುಪಾಲು ಕಲ್ಲುಭೂಮಿ, ವ್ಯಾಜ್ಯದಲ್ಲಿದ್ದ ಭೂಮಿ, ಇಲ್ಲವೆ ಕಾಗದದಿಂದ ಕೆಳಗೆ ಇಳಿಯದ ಭೂಮಿ ಎಂಬುದು ಕ್ರಮೇಣ ಬಯಲಾಯಿತು. ವಿನೋಬಾ ಅವರಿಗೆ ಸ್ವಂತದ ಆಸೆ ಇರಲಿಲ್ಲ, ಒತ್ತಾಯವಂತೂ ಇರಲೇ ಇಲ್ಲ. ಆದರೂ ಸಭೆಯ ಮುಂದೆ ದಾಕ್ಷಿಣ್ಯಕ್ಕೆ ಹೇಳಿದ ಮಾತು ಎಷ್ಟೋ ಕಡೆ ಸಭೆ ಚದುರಿದ ಮೇಲೆ ನಿಲ್ಲಲಿಲ್ಲ.

ಜಾಮೀನಾದ ನೆರೆಹೊರೆ

ಊರಿನ ನಂಟನ್ನು ಬಡವರ ಅನುಕೂಲಕ್ಕೆ ಬಳಸಿದ ಪ್ರಯತ್ನಗಳಲ್ಲಿ ಕರ್ನಾಟಕದ ಹೆಸರು ಮುಂದಿದೆ. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಅದರ ಹಿಂದಿನ 1904ರ ಕಾಯ್ದೆಯ ಪ್ರಕಾರ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬನ ಸಾಲಕ್ಕೆ ಎಲ್ಲರೂ ಬಾಧ್ಯರು. ಒತ್ತೆ ಇಡಲು ಚಿನ್ನವಿಲ್ಲದವನಿಗೆ ನೆರೆಹೊರೆಯೇ ಒತ್ತೆ ಎಂಬ ತತ್ವ ಅದು.

ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನಸ್ 1976ರಲ್ಲಿ ಜೋಬ್ರಾ ಎಂಬ ಹಳ್ಳಿಯ 42 ಮಂದಿಗೆ ಒಟ್ಟು 27 ಡಾಲರ್ ಸಾಲ ಕೊಟ್ಟು ಆರಂಭಿಸಿದ ಕೆಲಸ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. ಅಲ್ಲೂ ಐವರ ಗುಂಪೇ ಆಧಾರ. ಕರ್ನಾಟಕದಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆ 1984-85ರ ಹೊತ್ತಿಗೆ ದೊಡ್ಡ ಸಹಕಾರ ಸಂಘಗಳಿಂದ ಒಡೆದು ಬಂದ ಸಣ್ಣ ಗುಂಪುಗಳನ್ನು ಪ್ರೋತ್ಸಾಹಿಸಿತು. ಅವೇ ಮುಂದೆ ಸ್ವಸಹಾಯ ಸಂಘಗಳಾದವು. ನಬಾರ್ಡ್ 1992ರಲ್ಲಿ ಅವುಗಳನ್ನು ಬ್ಯಾಂಕುಗಳಿಗೆ ಜೋಡಿಸಲು ಹೊರಟಿತು. ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂದ ಮೇಲೆ ಹಳ್ಳಿಹಳ್ಳಿಗೂ ‘ಸಂಘ’ ಬಂತು.

ಮೇಲುನೋಟಕ್ಕೆ ಒಂದೇ ರೀತಿ ಕಾಣುವ ಎರಡು ಗುಂಪುಗಳ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಸ್ವಸಹಾಯ ಸಂಘದಲ್ಲಿ ಹೆಂಗಸರು ಮೊದಲು ತಮ್ಮದೇ ಉಳಿತಾಯ ಕೂಡಿಡುತ್ತಾರೆ. ಯಾರಿಗೆ ಎಷ್ಟು ಸಾಲ, ಯಾವಾಗ ವಾಪಸು ಎಂಬುದನ್ನು ಸಂಘವೇ ತೀರ್ಮಾನಿಸುತ್ತದೆ. ಮಳೆ ಕೈಕೊಟ್ಟರೆ ವಾಯಿದೆ ಮುಂದೆ ಹಾಕುವ ಅಧಿಕಾರವೂ ಅವರದೇ. ಕಿರುಸಾಲ ಕಂಪನಿಗಳ ಜಂಟಿ ಹೊಣೆಯ ಗುಂಪಿನಲ್ಲಿ ಹಣ ಕಂಪನಿಯದು, ಕಂತಿನ ದಿನ ಕಂಪನಿಯದು, ಹೊಣೆ ಮಾತ್ರ ಗುಂಪಿನದು. ಒಬ್ಬಳು ಕಟ್ಟದಿದ್ದರೆ ಉಳಿದವರು ಕೈಯಿಂದ ಹಾಕಬೇಕು, ಇಲ್ಲವೆ ಅವಳಿಂದ ಕಟ್ಟಿಸಬೇಕು.

ಪ್ರಯೋಗಶಾಲೆಯ ವಿದ್ಯೆಗಳೆಲ್ಲ ಇಂಥ ಸಾಲದಲ್ಲಿ ಒಂದರ ಹಿಂದೆ ಒಂದು ಕಾಣಿಸಿಕೊಳ್ಳುತ್ತವೆ. ಮೊದಲ ಸಾಲ ಚಿಕ್ಕದು. ತೀರಿಸಿದ ಕೂಡಲೇ ಅದಕ್ಕಿಂತ ದೊಡ್ಡದು. ಇದು ಬಾಗಿಲ ಸಂದಿಯ ಕಾಲು. ಗುಂಪು ಕಟ್ಟಲು ಕರೆಯುವವಳು ಪಕ್ಕದ ಮನೆಯವಳು, ಹೆರಿಗೆಗೋ ಹಬ್ಬಕ್ಕೋ ಒದಗಿದವಳು. ‘ಒಬ್ಬರು ಕಡಿಮೆ ಇದ್ದಾರೆ ಅಕ್ಕ, ಒಂದು ರುಜು ಹಾಕು’ ಎಂದರೆ ಇಲ್ಲ ಎನ್ನುವುದು ಹೇಗೆ? ಇದು ಮುಯ್ಯಿ. ಎಲ್ಲರೆದುರು ಕಂತು ಎಣಿಸುವುದು, ಬಾರದವಳ ಹೆಸರು ಕೂಗುವುದು. ಇದು ಊರ ಕಣ್ಣು. ಕಂತು ಬರುವವರೆಗೆ ಉಳಿದ ಹೆಂಗಸರನ್ನು ಏಳಗೊಡದಿರುವುದು, ಕೊನೆಗೆ ಎಲ್ಲರೂ ಸೇರಿ ಅವಳ ಮನೆಯ ಮುಂದೆ ಕೂರುವುದು. ಇದು ಹಳೆಯ ಧರಣಿಯೇ. ಅಂದು ಪಾಪದ ಭಯವಿತ್ತು, ಇಂದು ಮಾನದ ಭಯ. ಅಂದು ಹೊರಗೆ ಕೂತವನು ಸಾಲ ಕೊಟ್ಟವನು. ಇಂದು ಕೂರುವವರು ಅವಳ ಹಾಗೆಯೇ ಸಾಲ ಮಾಡಿದ ನೆರೆಯವರು.

ಗಡಿಯಾಚೆ ಒಂದು ಕಾನೂನು

ಕೊಡಿಗೇನಹಳ್ಳಿಗೆ ಹತ್ತಿರದ ದೊಡ್ಡ ಪೇಟೆಗಳಲ್ಲಿ ಹಿಂದೂಪುರವೂ ಒಂದು. ಗಡಿಯ ಎರಡೂ ಕಡೆ ಒಂದೇ ಬಗೆಯ ಹೊಲ, ಒಂದೇ ಬಗೆಯ ಬರ, ಕನ್ನಡ ತೆಲುಗು ಎರಡೂ ಆಡುವ ಜನ. ಆದರೆ 2010ರ ಅಕ್ಟೋಬರಿನಲ್ಲಿ ಈ ಗಡಿ ಬೇರೊಂದು ಅರ್ಥ ಪಡೆಯಿತು. ಕಿರುಸಾಲದ ಕಿರುಕುಳ ಮತ್ತು ಆತ್ಮಹತ್ಯೆಗಳ ದೂರು ಹೆಚ್ಚಿದಾಗ ಆಂಧ್ರ ಪ್ರದೇಶ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಕಂಪನಿಗಳು ನೋಂದಾಯಿಸಿಕೊಳ್ಳಬೇಕು, ವಸೂಲಿ ಮನೆ ಬಾಗಿಲಲ್ಲಿ ಅಲ್ಲ, ಸಾರ್ವಜನಿಕ ಸ್ಥಳದಲ್ಲಿ ನಡೆಯಬೇಕು, ಕಂತು ವಾರಕ್ಕಲ್ಲ ತಿಂಗಳಿಗೆ ಎಂಬುವು ಅದರ ಮುಖ್ಯ ಅಂಶಗಳು. ಆಂಧ್ರದಲ್ಲಿ ಕಿರುಸಾಲದ ವ್ಯವಹಾರ ಬಹುತೇಕ ನಿಂತುಹೋಯಿತು. ಆ ಕಾನೂನು ಕರ್ನಾಟಕಕ್ಕೆ ಅನ್ವಯಿಸುತ್ತಿರಲಿಲ್ಲ.

ಮುಂದೆ ರಿಸರ್ವ್ ಬ್ಯಾಂಕ್ ದೇಶಕ್ಕೆಲ್ಲ ನಿಯಮ ಮಾಡಿತು. 2022ರ ನಿರ್ದೇಶನಗಳ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಡುವುದು ಕಿರುಸಾಲ. ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಬಾರದು. ಬೈಗುಳ, ಬೆದರಿಕೆ ಕೂಡದು. ಬಂಧುಬಳಗಕ್ಕೆ ಕಿರುಕುಳ ಕೊಡಬಾರದು, ಬಾಕಿದಾರರ ಹೆಸರು ಪ್ರಕಟಿಸಬಾರದು.

ನಿಯಮ ಪುಸ್ತಕದಲ್ಲಿತ್ತು. 2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು, ಹಾವೇರಿ ಸೇರಿದಂತೆ ಹಲವು ಜಿಲ್ಲೆಗಳಿಂದ ಬಂದ ಸುದ್ದಿ ಬೇರೆಯೇ ಇತ್ತು. ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರು, ಜೀವ ಕಳೆದುಕೊಂಡವರು. ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ಫೆಬ್ರುವರಿ 12ರಂದು ಅಂಕಿತ ಹಾಕಿದರು. ಆಮೇಲೆ ವಿಧಾನಮಂಡಲ ಅದನ್ನು ಕಾಯ್ದೆಯಾಗಿಸಿತು. ಬಲವಂತದ ವಸೂಲಿಗೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ಸಾಲಗಾರರನ್ನೂ ಮನೆಯವರನ್ನೂ ಬೆದರಿಸುವುದು, ಅವಮಾನಿಸುವುದು, ಪದೇ ಪದೇ ಬೆನ್ನು ಹತ್ತುವುದು ಬಲವಂತದ ಪಟ್ಟಿಯಲ್ಲಿ ಸೇರಿವೆ. ದಂಡ ಸಂಹಿತೆಯ 508ನೇ ಕಲಮಿನ ನೂರಾರವತ್ತೈದು ವರ್ಷಗಳ ನಂತರ, ಬಾಗಿಲಿಗೆ ಬಂದು ಕೂರುವವರ ಮೇಲೆ ಇನ್ನೊಂದು ಕಾನೂನು!

ಕಾನೂನು ಕಾಣದ ಒಪ್ಪಿಗೆ

ಆದರೆ ಈ ಕಾನೂನುಗಳು ಹೆಚ್ಚಾಗಿ ನೋಡುವುದು ವಸೂಲಿಯ ಹೊತ್ತನ್ನು. ಸಾಲ ಹುಟ್ಟುವ ಹೊತ್ತಿನ ‘ಹೂಂ’ ಹೇಗೆ ಬಂತು ಎಂಬುದು ಬೇರೆ ಪ್ರಶ್ನೆ. 1872ರ ಭಾರತೀಯ ಕರಾರು ಕಾಯ್ದೆ ಒಪ್ಪಿಗೆ ಮುಕ್ತವಾಗಿರಬೇಕು ಎನ್ನುತ್ತದೆ. ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ ಇತ್ಯಾದಿಗಳಿಂದ ಬಂದ ಒಪ್ಪಿಗೆ ಮುಕ್ತವಲ್ಲ. ಆ ಪಟ್ಟಿಯಲ್ಲಿ ದಾಕ್ಷಿಣ್ಯವಿಲ್ಲ. ಇರಲು ಸಾಧ್ಯವೂ ಇಲ್ಲ. ದಾಕ್ಷಿಣ್ಯವನ್ನೆಲ್ಲ ಅಪರಾಧವೆಂದರೆ ನೆರೆಹೊರೆಯೇ ಉಳಿಯುವುದಿಲ್ಲ.

ಚಿಯಾಲ್ಡಿನಿ ಕೊಡುವ ಸಲಹೆ ಸರಳ. ಕೊಟ್ಟದ್ದು ಉಪಕಾರವಲ್ಲ, ಒಪ್ಪಿಸುವ ಉಪಾಯ ಎಂದು ಗೊತ್ತಾದ ಕ್ಷಣದಲ್ಲಿ ಅದರ ಋಣ ತೀರಿತೆಂದು ತಿಳಿಯಬೇಕು. ಉಪಕಾರಕ್ಕೆ ಪ್ರತಿಯಾಗಿ ಉಪಕಾರ ಸರಿ, ಉಪಾಯಕ್ಕೆ ಪ್ರತಿಯಾಗಿ ಏನೂ ಸಲ್ಲದು. ಹಳ್ಳಿಯವರಿಗೂ ತಮ್ಮದೇ ಆದ ರಕ್ಷಣೆ ಇತ್ತು: ‘ಮನೇಲಿ ಕೇಳಿ ಹೇಳ್ತೀನಿ’. ಮುಖ ಮುರಿಯದೆ, ಒಪ್ಪದೆ, ಒಂದು ರಾತ್ರಿಯ ಕಾಲಾವಕಾಶ ಪಡೆಯುವ ಮಾತು ಅದು. ಕೇಳಿದವರು ಎದ್ದು ಹೋದ ಮೇಲೆ ಯೋಚಿಸಿದರೆ ತೀರ್ಮಾನ ಬದಲಾಗುವುದುಂಟು. ಅದಕ್ಕೇ ರುಜು ಈಗಲೇ ಬೇಕು ಎನ್ನುವವರು ಒಂದು ರಾತ್ರಿಯನ್ನೂ ಬಿಟ್ಟುಕೊಡುವುದಿಲ್ಲ.

ಮುಯ್ಯಾಳಿನ ಪದ್ಧತಿ ಇಷ್ಟು ಕಾಲ ಬಾಳಿದ್ದು ದಾಕ್ಷಿಣ್ಯದ ಬಲದಿಂದಲೇ. ಆದರೆ ಅದಕ್ಕೊಂದು ಅಳತೆ ಇತ್ತು. ಒಂದು ಆಳಿಗೆ ಒಂದೇ ಆಳು, ಎರಡಲ್ಲ. ಮೈಗೆ ಹುಷಾರಿಲ್ಲದಿದ್ದರೆ ಬದಲಿ ಆಳು ಕಳಿಸಬಹುದಿತ್ತು. ಬೆಳೆ ಒಣಗಿದ ವರ್ಷ ಕೊಯ್ಲೇ ಇಲ್ಲವಾದ್ದರಿಂದ ಕೊಡಬೇಕಾದ ಆಳಿನ ಲೆಕ್ಕ ತಾನಾಗಿ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಕೊಡುವವನೂ ಪಡೆಯುವವನೂ ಒಂದೇ ಮೋಡ ನೋಡುತ್ತಿದ್ದರು. ವಾರದ ಕಂತಿಗೆ ಮೋಡದ ಲೆಕ್ಕ ಗೊತ್ತಿಲ್ಲ.